ಸುಗ್ಗಿ ಕಾಣಿಕೆಗೆ ಬಂದ ಹುಡುಗಿ

ಅಕ್ಕಾ,

ನಮ್ಮ ಚಿಗವ್ವನ ಹನ್ನೊಂದು ವರ್ಷದ ಮಗಳನ್ನು ದೇವರಿಗೆ ಬಂದ ಕಾಣಿಕೆ ಎಂದು ಇಸಿದುಕೊಂಡು, ನೀನು ನಿನ್ನ ಮನೆಯ ಭಾಂಡೆ ತಿಕ್ಕಲು ಹಚ್ಚಿದ್ದೀಯ. ಸೇವೆ, ಸಮರ್ಪಣೆ, ಪ್ರಥಮ ಫಲ ಎಂದು ನೀನೂ ನಿನ್ನ ಗಂಡನೂ ಇದಕ್ಕೆ ಎಷ್ಟು ಹೆಸರು ಇಟ್ಟರೂ ಮಾಡಿದ್ದು ಇಷ್ಟೇ. ಒಬ್ಬ ವಿಧವೆಯ ಮಗಳನ್ನು ಪುಕ್ಕಟೆ ಆಳಾಗಿ ಇಟ್ಟುಕೊಂಡಿದ್ದೀರಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಉತ್ತರ ಹೊಳೆಯದಾಗ ನೀನು ಫೋನಿನಲ್ಲೇ ಪ್ರಾರ್ಥನೆ ಶುರು ಮಾಡುತ್ತೀಯ. ಪ್ರಾರ್ಥನೆ ಮಾಡುವವರ ನಡುವೆ ಬಾಯಿ ಹಾಕಬಾರದೆಂದು ಚಿಗವ್ವ ನಮಗಿಬ್ಬರಿಗೂ ಸಣ್ಣಂದಿನಲ್ಲೇ ಕಲಿಸಿಬಿಟ್ಟಿದ್ದಾಳೆ. ನೀನು ಆಮೆನ್ ಅನ್ನುವುದಕ್ಕೂ ಫೋನ್ ಕಟ್ಟಾಗುವುದಕ್ಕೂ ನಡುವೆ ಒಂದು ಮಾತು ತೂರಿಸುವಷ್ಟೂ ಜಾಗ ಇರುವುದಿಲ್ಲ. ಕಾಗದದ ಮುಂದೆ ಆ ಉಪಾಯ ನಡೆಯುವುದಿಲ್ಲ. ಓದದೆ ಹರಿಯಬಹುದು. ಹರಿದರೂ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ನಾನು ಕೆಲಸ ಮಾಡುವುದು ಪ್ರೆಸ್ಸಿನಲ್ಲಿ ಎಂಬುದು ನಿನಗೆ ಗೊತ್ತಿದೆ.

ಲಕೋಟೆಯ ಮೇಲೆ ಯಾವ ಹೆಸರು ಬರೆಯಲಿ ಎಂದು ತುಸು ಹೊತ್ತು ಯೋಚಿಸಿದೆ. ಮಸರಕಲ್ಲಿನಲ್ಲಿ ನೀನು ದೇವಿಕಾ. ಮಾನ್ವಿಯಲ್ಲಿ ಪಾಸ್ಟರನ ಹೆಂಡತಿ ದೆಬೋರಮ್ಮ. ಜನ ನಿನ್ನ ಮುಂದೆ ತಲೆ ಬಗ್ಗಿಸುತ್ತಾರೆ, ನೀನು ತಲೆಯ ಮೇಲೆ ಕೈ ಇಡುತ್ತೀಯ. ದೇವಿಕಾ ಎಂದೇ ಬರೆದಿದ್ದೇನೆ. ಚಿಗವ್ವ ನಿನ್ನನ್ನು ಹೈಸ್ಕೂಲಿಗೆ ಸೇರಿಸುವಾಗ ಬರೆಸಿದ ಹೆಸರು ಅದೇ.

ಅವ್ವ ಸತ್ತಾಗ ನಿನಗೆ ಹನ್ನೆರಡು, ನನಗೆ ಮೂರು. ಅಪ್ಪ ಇನ್ನೊಂದು ಸಂಸಾರ ಹೂಡಿ ಯಾಪಲದಿನ್ನಿ ಕಡೆ ಹೋದವನು ಮತ್ತೆ ನಮ್ಮ ಕೇರಿಗೆ ಬರಲಿಲ್ಲ. ಅವ್ವನ ತಂಗಿ ಯಮನಮ್ಮ, ನಮ್ಮ ಚಿಗವ್ವ, ಆಗ ಮದುವೆಯಾಗದ ಹುಡುಗಿ. ಬಂದ ಗಂಡುಗಳಿಗೆಲ್ಲ ಈ ಎರಡು ಮಕ್ಕಳನ್ನೂ ಸೇರಿಸಿ ಒಪ್ಪಿಕೊಳ್ಳುವುದಾದರೆ ಬರ್ರಿ ಎಂದು ಹೇಳುತ್ತಿದ್ದಳಂತೆ. ವರ್ಷಗಟ್ಟಲೆ ಯಾರೂ ಬರಲಿಲ್ಲ. ಹತ್ತಿ ಬಿಡಿಸಲು ತಾನು ಹೋದಳೇ ಹೊರತು ನಿನ್ನನ್ನು ಕಳಿಸಲಿಲ್ಲ. ಓರಗೆಯ ಹುಡುಗಿಯರೆಲ್ಲ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ನೀನು ದೇವದುರ್ಗದ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದೆ. ಕೇರಿಯ ಹೆಂಗಸರು ಆಡಿಕೊಂಡರೆ ಚಿಗವ್ವ ತನ್ನ ಸೀಳುಬಿಟ್ಟ ಬೆರಳು ತೋರಿಸಿ, ನಮ್ಮ ಮನಿಗೆ ಇಂಥಾವು ಒಂದು ಜೋಡಿ ಸಾಕು ಅನ್ನುತ್ತಿದ್ದಳು. ಕಡೆಗೆ ಅವಳ ಮದುವೆಯೂ ಆಯಿತು, ತಡವಾಗಿ ಭಾಗ್ಯಜ್ಯೋತಿ ಹುಟ್ಟಿದಳು, ಆಮೇಲೆ ಹನುಮೇಶ. ಗಂಡ ತೀರಿಹೋಗಿ ಮೂರು ವರ್ಷವಾಯಿತು. ಅಂಥವಳ ಮನೆಗೆ ನೀವು ಕೈ ಹಾಕಿದ್ದೀರಿ.

ಜನವರಿಯ ಸುಗ್ಗಿ ಕಾಣಿಕೆಯ ದಿನ ನಾನು ಊರಲ್ಲಿರಲಿಲ್ಲ. ಹೊಸ ವರ್ಷದ ಕ್ಯಾಲೆಂಡರುಗಳ ಕೆಲಸ ಮುಗಿಯದೆ ರಾಯಚೂರಿನಲ್ಲೇ ಉಳಿದಿದ್ದೆ. ಅಂದು ನಡೆದದ್ದನ್ನು ಹೇಳಿದವಳು ಮಹಬೂಬೀ. ಪ್ರತಿ ವರ್ಷ ನಮ್ಮ ಗುಡಿಯ ಹರಾಜಿಗೆ ಬಂದು ಕೋಳಿ ಕೊಳ್ಳುತ್ತಾಳಲ್ಲ, ಅವಳೇ. ನಿನಗೆ ಮರೆತಿದ್ದರೆ ನೆನಪು ಮಾಡಿಕೊ, ನಮ್ಮ ಹಬ್ಬ ಹೇಗಿರುತ್ತಿತ್ತು ಎಂದು. ಹೊಲ ಇದ್ದವರು ಜೋಳದ ತೆನೆ, ಹತ್ತಿ ತರುತ್ತಾರೆ. ಇಲ್ಲದವರು ಹುಂಜ, ಕುಂಬಳಕಾಯಿ, ಒಂದು ಸೇರು ಶೇಂಗಾ. ಅದೂ ಇಲ್ಲದವರು ದಿನಾ ಅಡಿಗೆ ಮಾಡುವಾಗ ದೇವರ ಗಡಿಗೆಗೆ ತೆಗೆದಿಟ್ಟ ಹಿಡಿ ಅಕ್ಕಿ. ಪ್ರಾರ್ಥನೆಯಾದ ಮೇಲೆ ಬೇವಿನ ಗಿಡದ ಕೆಳಗೆ ಎಲ್ಲವನ್ನೂ ಹರಾಜು ಹಾಕುತ್ತಾರೆ. ಕೊಟ್ಟವರೇ ಸವಾಲು ಕೂಗಿ ತಮ್ಮ ಹುಂಜವನ್ನು ತಾವೇ ಬಿಡಿಸಿಕೊಂಡು ಹೋಗುವುದೂ ಉಂಟು. ಜನ ನಗುತ್ತಾರೆ. ದೇವರೂ ನಗುತ್ತಿರಬಹುದು ಎಂದು ಸಣ್ಣವನಿದ್ದಾಗ ಅಂದುಕೊಳ್ಳುತ್ತಿದ್ದೆ.

ಈ ವರ್ಷ ಪ್ರಸಂಗಕ್ಕೆ ನಿನ್ನ ಗಂಡನನ್ನು ಕರೆಸಿದ್ದರು. ದುಡಿದದ್ದರಲ್ಲಿ ದೇವರಿಗೆ ಸಲ್ಲಬೇಕಾದ ಹತ್ತನೇ ಪಾಲಿನ ಬಗ್ಗೆ ಆತ ಮಾತಾಡಿದ. ದೇವರು ಉಳಿದ ಕೂಳು ಕೇಳುವ ಭಿಕ್ಷುಕನಲ್ಲ, ಮನೆಗೆ ಮೊದಲು ಬಂದದ್ದು ಆತನದು, ಅದನ್ನು ಇಟ್ಟುಕೊಂಡವರ ಮನೆಯಿಂದ ರೋಗ ಹೊರಗೆ ಹೋಗುವುದಿಲ್ಲ ಎಂದ. ಆ ವಾರ ಹನುಮೇಶ ಎರಡು ಸಲ ಫಿಟ್ಸ್ ಬಂದು ಬಿದ್ದಿದ್ದ. ಚಿಗವ್ವ ಹಿಂದಿನ ದಿನವೇ ನಿಮ್ಮ ಮುಂದೆ ಅತ್ತು ಹೇಳಿದ್ದಳು. ಅದು ಗೊತ್ತಿದ್ದೂ ಆತ ಆ ಮಾತು ಆಡಿದ. ಗೊತ್ತಿದ್ದದ್ದರಿಂದಲೇ ಆಡಿದ ಎಂದು ನಾನು ಹೇಳುತ್ತೇನೆ. ಪ್ರಸಂಗ ಮಾಡುವವನಿಗೆ ಎದುರಿಗೆ ಕೂತವರ ಗಾಯ ಎಲ್ಲಿದೆ ಎಂಬುದು ಗೊತ್ತಿರುತ್ತದೆ, ಬೆರಳು ಅಲ್ಲಿಗೇ ಹೋಗುತ್ತದೆ.

ಕಾಣಿಕೆಯ ಸಾಲಿನಲ್ಲಿ ಮುಂದೆ ಹುಂಜ ಹಿಡಿದವನೊಬ್ಬ, ಹಿಂದೆ ಕುಂಬಳಕಾಯಿ ಹೊತ್ತವಳೊಬ್ಬಳು, ನಡುವೆ ಮಗಳ ಕೈ ಹಿಡಿದು ಚಿಗವ್ವ. ಆಶೀರ್ವಾದಕ್ಕೆ ಬಂದಿದ್ದಾಳೆ ಅಂದುಕೊಂಡು ಯಾರೂ ಲಕ್ಷ್ಯ ಮಾಡಲಿಲ್ಲವಂತೆ. ಸರದಿ ಬಂದಾಗ ಆಕೆ ಭಾಗ್ಯಜ್ಯೋತಿಯನ್ನು ಮುಂದಕ್ಕೆ ತಳ್ಳಿ, "ಅಯ್ಯನೋರೆ, ನನ್ನ ಮನ್ಯಾಗ ಮೊದಲು ಬಂದಿದ್ದು ಇದೊಂದ ಅದ್ರಿ" ಅಂದಳು.

ನಿನ್ನ ಗಂಡ ತಬ್ಬಿಬ್ಬಾದ. ಅದನ್ನು ಮಹಬೂಬೀಯೂ ಹೇಳಿದಳು. ಆತನಿಗೆ ಒಂದು ಕ್ಷಣವಾದರೂ ನಾಚಿಕೆಯಾಗಿತ್ತು. ಆ ಒಂದು ಕ್ಷಣದಲ್ಲಿ ಯಾರಾದರೂ, ಯವ್ವಾ, ದೇವರು ಹುಡುಗಿಯರನ್ನು ಕೇಳುವುದಿಲ್ಲ, ಮನೆಗೆ ಕರಕೊಂಡು ಹೋಗು ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಎದ್ದು ಬಂದದ್ದು ನೀನು. ಹುಡುಗಿಯ ಕೈ ಹಿಡಿದು ನಿನ್ನ ಪಕ್ಕ ಕೂಡಿಸಿಕೊಂಡೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಹಲ್ಲೆಲೂಯ ಕೂಗಿದರು. ಸಾಯಂಕಾಲ ನಿಮ್ಮ ಕಾರಿನಲ್ಲಿ ಹಿಂದೆ ಶೇಂಗಾ ಚೀಲದ ಪಕ್ಕ ಅವಳನ್ನು ಕೂಡಿಸಿಕೊಂಡು ಮಾನ್ವಿಗೆ ಹೋದಿರಿ.

ಮಹಬೂಬೀ ನನಗೆ ಫೋನಿನಲ್ಲಿ ಹೇಳಿದ ಮಾತು ಹಾಗೇ ಬರೆಯುತ್ತೇನೆ. "ಅನಿಲಾ, ಕೋಳಿ ಹೋತು, ಕುಂಬಳಕಾಯಿ ಹೋತು. ಹುಡುಗೀಗಿ ಮಾತ್ರ ಯಾರೂ ಸವಾಲ್ ಕೂಗಲಿಲ್ಲಪಾ. ನಿಮ್ಮಕ್ಕ ಪುಕ್ಕಟೆ ಹೊಡಕೊಂಡು ಹೋದ್ಳು."

ಅಂದೇ ನಿನಗೆ ಫೋನ್ ಮಾಡಿದೆ. ನೀನು, ಅವಳು ನಮ್ಮ ಮನೆಯಲ್ಲಿ ಮಗಳ ಹಾಗೆ ಇರುತ್ತಾಳೆ, ಜೂನಿನಲ್ಲಿ ಮಾನ್ವಿಯ ಸಾಲಿಗೆ ಹಚ್ಚುತ್ತೇನೆ, ಮಸರಕಲ್ಲಿನಲ್ಲಿ ಇದ್ದು ಆಕೆ ಏನು ಆಗುವವಳಿದ್ದಳು ಎಂದೆ. ಜೂನ್ ಬಂತು. ಕೇಳಿದರೆ ಪ್ರಾರ್ಥನೆ. ಜುಲೈ ಬಂತು, ಮತ್ತೆ ಪ್ರಾರ್ಥನೆ. ಒಂದು ಸಲ ಮಾತ್ರ ಪ್ರಾರ್ಥನೆಗೆ ಮುಂಚೆ ನಿನ್ನ ನಾಲಿಗೆ ಜಾರಿತು. "ನಾಕು ಕರಪತ್ರ ಓದಿದ್ರ ಶಾಸ್ತ್ರಿ ಆಗಂಗಿಲ್ಲಲೇ ಅನಿಲ್ಯಾ, ಮಷೀನಿಗೆ ಎಣ್ಣಿ ಹಾಕ್ಕೋತ ಕುಂದ್ರು" ಅಂದೆ.

ಹೌದು, ನಾನು ಓದಿದ್ದು ಕರಪತ್ರಗಳನ್ನೇ. ರಾಯಚೂರಿನ ತೀನ್ ಕಂದಿಲ್ ಹತ್ತಿರದ ಬುರ್ಹಾನುದ್ದೀನ್ ಸಾಬರ ಪ್ರೆಸ್ಸಿಗೆ ಎಲ್ಲರೂ ಬರುತ್ತಾರೆ. ಸುವಾರ್ತೆಯವರು, ಸಂಘದವರು, ಕೂಲಿಕಾರರ ಯೂನಿಯನ್ನಿನವರು, ಭೀಮ ಜಯಂತಿಯವರು. ತಪ್ಪು ತಿದ್ದಲು ಕೊಟ್ಟದ್ದನ್ನೆಲ್ಲ ಎರಡೆರಡು ಸಲ ಓದಿದ್ದೇನೆ. ಹೊಟ್ಟೆಗೆ ಸಂಬಂಧಪಟ್ಟ ಮಾತನ್ನು ಜನ ದಪ್ಪ ಪುಸ್ತಕದಲ್ಲಿ ಬರೆಯುವುದಿಲ್ಲ, ಒಂದು ಹಾಳೆಯಲ್ಲಿ ಬರೆದು ಬಸ್ ನಿಲ್ದಾಣದಲ್ಲಿ ಹಂಚುತ್ತಾರೆ. ನಿನ್ನ ಗಂಡ ಬೈಬಲ್ ಕಾಲೇಜಿನಲ್ಲಿ ಮೂರು ವರ್ಷ ಓದಿ ಮರೆತದ್ದನ್ನು ನಾನು ಆ ಹಾಳೆಗಳಲ್ಲಿ ಕಲಿತೆ. ಕಲಿತದ್ದನ್ನು ಈಗ ಹೇಳುತ್ತೇನೆ, ಕೇಳು.

ಹತ್ತನೇ ಪಾಲನ್ನು ವಿಧವೆಯ ಮನೆಯಿಂದ ತರಬೇಕೆಂದು ಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರ ಬಾಗಿಲಲ್ಲೇ ಕೂಡಿಡಬೇಕು, ಪರದೇಶಿಯೂ ತಂದೆಯಿಲ್ಲದ ಮಗುವೂ ವಿಧವೆಯೂ ಬಂದು ಹೊಟ್ಟೆ ತುಂಬ ಉಣ್ಣಬೇಕು ಎಂಬುದು ಮೋಶೆಯ ಕಾನೂನು. ಅಂದರೆ ಚಿಗವ್ವ ಕೊಡುವವಳಲ್ಲ, ಇಸಿದುಕೊಳ್ಳಬೇಕಾದವಳು. ನಿಮ್ಮ ಸಭೆ ಅವಳ ಬಾಗಿಲಿಗೆ ಜೋಳದ ಚೀಲ ಹೊತ್ತು ತರಬೇಕಿತ್ತು. ಇದನ್ನು ನಾನು ಬುರ್ಹಾನುದ್ದೀನ್ ಸಾಬರಿಗೆ ಹೇಳಿದಾಗ ಅವರು ನಕ್ಕು, ಬಡವರ ಪಾಲಿನ ಜಕಾತ್ ಮುಟ್ಟಬೇಕಾದ ಮನೆಗೇ ಹೋಗಿ ಜಕಾತ್ ವಸೂಲಿ ಮಾಡುವವರನ್ನು ನಾನು ನೋಡಿಲ್ಲಪ್ಪ ಎಂದರು. ಇನ್ನು ಚೊಚ್ಚಲಿನ ಮಾತು. ದನದ ಚೊಚ್ಚಲು, ಕುರಿಯ ಚೊಚ್ಚಲು ದೇವರದು. ಮನುಷ್ಯರ ಚೊಚ್ಚಲನ್ನು ಮಾತ್ರ ತಪ್ಪದೆ ಬೆಲೆ ಕಟ್ಟಿ ಬಿಡಿಸಿ ಮನೆಗೆ ಕಳಿಸಬೇಕು. ಇಟ್ಟುಕೊಳ್ಳಲು ಯಾಜಕನಿಗೆ ಅಧಿಕಾರವೇ ಇಲ್ಲ. ನಮ್ಮ ಕೇರಿಯ ಜನ ಹುಂಜಕ್ಕೆ ಮಾಡುವ ನ್ಯಾಯವನ್ನು ನೀವು ಹುಡುಗಿಗೆ ಮಾಡಲಿಲ್ಲ.

ನಿಜವಾಗಿ ನಂಬಿದ್ದರೆ ನಿನ್ನ ಚೊಚ್ಚಲು ಎಲ್ಲಿದ್ದಾನೆ ಹೇಳು. ನಾಲ್ಕು ವರ್ಷ ನಿನಗೆ ಮಕ್ಕಳಾಗದಿದ್ದಾಗ ಶುಕ್ರವಾರ ಶುಕ್ರವಾರ ಉಪವಾಸ ಹಿಡಿದವಳು ಚಿಗವ್ವ, ನೀನಲ್ಲ. ಆಮೇಲೆ ಹುಟ್ಟಿದ ಆ ಮಗ ಟೈ ಕಟ್ಟಿಕೊಂಡು ವ್ಯಾನಿನಲ್ಲಿ ಇಂಗ್ಲಿಷ್ ಸಾಲಿಗೆ ಹೋಗುತ್ತಾನೆ. ಅವನನ್ನು ಒಂದು ವರ್ಷ ಮಸರಕಲ್ಲಿಗೆ ಕಳಿಸು. ಚಿಗವ್ವನ ಒಲೆಯ ಬೂದಿ ತೆಗೆಯಲಿ, ಹನುಮೇಶನ ಅಂಗಿ ಒಗೆಯಲಿ. ಓದುತ್ತಲೇ ನಿನ್ನ ಮೈ ಉರಿಯಿತಲ್ಲ. ಆ ಉರಿ ಚಿಗವ್ವನ ಮೈಯಲ್ಲಿ ಜನವರಿಯಿಂದ ಇದೆ.

ಹನುಮೇಶನ ವಿಷಯವನ್ನು ನೀನು ಸಭೆಯಲ್ಲಿ ಸಾಕ್ಷಿ ಹೇಳಿದೆಯಂತೆ. ಪ್ರಥಮ ಫಲ ಕೊಟ್ಟ ತಿಂಗಳಲ್ಲೇ ಫಿಟ್ಸ್ ನಿಂತಿತು ಎಂದೆಯಂತೆ. ನಿಂತದ್ದು ಹೇಗೆಂದು ನಿನಗೆ ಗೊತ್ತು. ಆ ತಿಂಗಳು ಅವನನ್ನು ರಾಯಚೂರಿಗೆ ಕರೆತಂದು ಸರಕಾರಿ ದವಾಖಾನೆಯಲ್ಲಿ ತೋರಿಸಿದ್ದು ನಾನು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಗುಳಿಗೆ ಕೆಲಸ ಮಾಡಿತು, ಹೆಸರು ನಿಮಗೆ ಬಂತು. ನಿನ್ನ ಸಾಕ್ಷಿಯ ವಿಡಿಯೋ ಮಸರಕಲ್ಲಿಗೂ ತಲುಪಿತು. ದೇವರು ಕಾಣಿಕೆ ಇಸಿದುಕೊಂಡ ಮೇಲೂ ಗುಳಿಗೆ ನುಂಗಿಸಿದರೆ ಆತನನ್ನು ನಂಬದ ಹಾಗೆ ಆಗುತ್ತದೆ ಎಂದು ಚಿಗವ್ವ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದಳು. ಶ್ರಾವಣದಲ್ಲಿ ಹುಡುಗ ಕುದಿಯುವ ಬೇಳೆಯ ಮೇಲೆ ಬಿದ್ದ. ಬಲಗೈ ಮೊಣಕೈವರೆಗೆ ಬೆಂದು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಈಗ ಎಡಗೈಯಲ್ಲಿ ಉಣ್ಣುವುದನ್ನು ಕಲಿಯುತ್ತಿದ್ದಾನೆ. ಈ ಸಾಕ್ಷಿಯನ್ನು ನೀನು ಸಭೆಯಲ್ಲಿ ಹೇಳಲಿಲ್ಲ.

ಹೇಳಿದ್ದು ಭಾಗ್ಯಜ್ಯೋತಿಗೆ. ಅವಳಿಗೆ ಏನು ಹೇಳಿದೆ ಎಂಬುದು ಹೋದ ಶುಕ್ರವಾರ ನನಗೆ ಗೊತ್ತಾಯಿತು.

ನಿಮ್ಮ ಸಭೆಯ ವಾರ್ಷಿಕೋತ್ಸವದ ಪೋಸ್ಟರಿನ ಮಾದರಿ ತೋರಿಸಲು ಮಾನ್ವಿಗೆ ಬಂದಿದ್ದೆ. ನೀನು ಚೀಕಲಪರ್ವಿಯ ಕೂಟಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಭಾಗ್ಯಜ್ಯೋತಿ, ಸಭೆಗೆ ದ್ರಾಕ್ಷಾರಸ ಕೊಡುವ ಪ್ರಭುಭೋಜನದ ಸಣ್ಣ ಲೋಟಗಳನ್ನು ಬೂದಿ ಹಚ್ಚಿ ತೊಳೆಯುತ್ತಿದ್ದಳು. ತಲೆ ಬೋಳಿಸಿದ್ದೀರಿ. ಹೇನಾಗಿದ್ದವಂತೆ. ನನ್ನನ್ನು ಕಂಡು ಎದ್ದು ನಿಂತು, "ಅಮ್ಮೋರು ಇಲ್ರಿ, ಸಂಜೀಕ ಬರ್ತಾರ" ಅಂದಳು. ನನಗೆ 'ರಿ' ಹಚ್ಚಿದಳು ಅಕ್ಕಾ. ನನ್ನ ಹೆಗಲ ಮೇಲೆ ಕೂತು ಬೆಳೆದವಳು. ನಿನ್ನನ್ನು ಅಮ್ಮೋರು ಅನ್ನಬೇಕೆಂದು ಯಾರು ಕಲಿಸಿದರು ಎಂದು ಕೇಳಿದೆ. ದೇವರ ಮನೆಯಲ್ಲಿ ಅಕ್ಕ, ಅಣ್ಣ ಅನ್ನಬಾರದಂತೆ. ಸಾಲಿಯ ಬಗ್ಗೆ ಕೇಳಿದೆ. ದೇವರಿಗೆ ಕೊಟ್ಟವರು ಸಾಲಿಗೆ ಹೋಗುವುದಿಲ್ಲವಂತೆ. ಊಟ ಆಯಿತೇ ಎಂದರೆ ಎಲ್ಲರದ್ದೂ ಆದ ಮೇಲೆ ಅಂದಳು. ಕಟ್ಟೆಯ ಮೇಲೆ ಬೋರಲು ಹಾಕಿದ್ದ ತನ್ನ ತಟ್ಟೆ ತೋರಿಸಿದಳು. ಅದು ಅಡಿಗೆಮನೆಯ ಒಳಗೆ ಹೋಗುವುದಿಲ್ಲವಂತೆ. ಮೇಲಿನ ಕೇರಿಯವರು ನಮಗೆ ಬೇರೆ ತಟ್ಟೆ ಇಡುತ್ತಾರೆಂದೇ ನಮ್ಮವರು ಸಿಲುಬೆಯ ಕೆಳಗೆ ಬಂದು ನಿಂತರು. ನೀನು ಆ ತಟ್ಟೆಯನ್ನು ಸಿಲುಬೆಯ ಮನೆಗೇ ತಂದೆ, ಅದೂ ಸ್ವಂತ ಚಿಗವ್ವನ ಮಗಳಿಗೆ.

ನಡಿ ಮನೆಗೆ ಹೋಗೋಣ ಎಂದು ಮುಂಗೈ ಹಿಡಿದು ಎಳೆದೆ. ಗೇಟಿನ ತನಕ ಬಂದಳು. ಅಲ್ಲಿ ಕಂಬ ಹಿಡಿದುಕೊಂಡವಳು ಬಿಡಲಿಲ್ಲ. ಅಷ್ಟು ಸಣ್ಣ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ. ಅಳಲಿಲ್ಲ, ಚೀರಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದಳು. "ನಾ ಬರಂಗಿಲ್ಲ. ನಾ ಮನಿ ನೆನಸಿ ಅತ್ತಿದ್ದಕ್ಕ ತಮ್ಮನ ಕೈ ಸುಟ್ಟಿತು. ಈಗ ಹೋದ್ರ ಆಂವ ಸಾಯ್ತಾನ."

ಅವಳು ಅಳುವುದನ್ನು ನಿಲ್ಲಿಸಿ ಎರಡು ತಿಂಗಳಾಯಿತಂತೆ. ಹೆಮ್ಮೆಯಿಂದ ಹೇಳಿದಳು.

ಅಕ್ಕಾ, ಹುಡುಗಿಗೆ ಕೆಲಸ ಹಚ್ಚಿದ್ದನ್ನು ಜನ ಮರೆಯಬಹುದು. ಊರೆಲ್ಲ ಹಚ್ಚುತ್ತದೆ. ಆದರೆ ಈ ಮಾತನ್ನು ಅವಳ ಕಿವಿಯಲ್ಲಿ ಹಾಕಿದವಳು ನೀನು. ಹಗ್ಗ ಬೇಡ, ಬೀಗ ಬೇಡ, ತಮ್ಮನ ಜೀವವನ್ನೇ ಅವಳ ಕಾಲಿಗೆ ಕಟ್ಟಿದೆ. ಇಷ್ಟು ಕ್ರೂರವಾದ ಉಪಾಯ ಯಾವ ಸಾಹುಕಾರನಿಗೂ ಹೊಳೆದಿರಲಿಕ್ಕಿಲ್ಲ. ಅವರ ಹತ್ತಿರ ದುಡ್ಡಷ್ಟೇ ಇರುತ್ತದೆ, ನಿನ್ನ ಹತ್ತಿರ ದೇವರ ಹೆಸರಿದೆ.

ಚಿಗವ್ವನ ತಾಯಿ, ಅಜ್ಜಿ ಅಯ್ಯಮ್ಮನ ಕತೆ ನನಗಿಂತ ಚೆನ್ನಾಗಿ ನಿನಗೆ ಗೊತ್ತು. ಸಣ್ಣ ಹುಡುಗಿಯಾಗಿದ್ದಾಗಲೇ ಆಕೆಯನ್ನು ದೇವಿಗೆ ಬಿಟ್ಟು ಕೊರಳಿಗೆ ಮುತ್ತು ಕಟ್ಟಿದ್ದರು. ಅಲ್ಲಿಯೂ ಹೇಳಿದ್ದು ಹೀಗೇ. ಮನೆಗೆ ರೋಗ ಬಂದಿದೆ, ಹುಡುಗಿಯನ್ನು ಬಿಟ್ಟರೆ ಹೋಗುತ್ತದೆ. ಬೆಳೆದ ಮೇಲೆ ಆಕೆ ಒಬ್ಬ ಮುದುಕ ಪಾದ್ರಿಯ ಬಾಯಲ್ಲಿ, ನಮ್ಮ ದೇವರು ಯಾರ ಮಕ್ಕಳನ್ನೂ ಕೇಳುವುದಿಲ್ಲ ಎಂಬ ಒಂದೇ ಮಾತು ಕೇಳಿ ಮುತ್ತು ಹರಿದು ಕೃಷ್ಣೆಗೆ ಎಸೆದಳು. ನಮ್ಮ ಮನೆತನ ಕ್ರೈಸ್ತರಾದದ್ದು ಆ ಒಂದು ಮಾತಿಗೆ. ರೊಟ್ಟಿಗಲ್ಲ, ಹಾಲಿನ ಪುಡಿಗಲ್ಲ. ನೀನು ಆ ಮಾತನ್ನು ಸುಳ್ಳು ಮಾಡಿದೆ. ಅಜ್ಜಿಗೆ ಮುತ್ತು ಕಟ್ಟಿದವರು ಓದು ಬಾರದವರು. ನೀನು ಓದಿದವಳು, ಅದೂ ಅಜ್ಜಿಯ ಮಗಳು ಹತ್ತಿ ಬಿಡಿಸಿ ಓದಿಸಿದವಳು.

ಮಾನ್ವಿಯಿಂದ ಸೀದಾ ಮಸರಕಲ್ಲಿಗೆ ಹೋಗಿ ಕಂಡದ್ದನ್ನೆಲ್ಲ ಚಿಗವ್ವನಿಗೆ ಹೇಳಿದೆ. ಬೋಳಿಸಿದ ತಲೆಯೊಂದನ್ನು ಬಿಟ್ಟು. ಆಕೆ ನಿನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಕೊಟ್ಟದ್ದನ್ನು ಹೇಗೆ ಹೊಳ್ಳಿ ಕೇಳುವುದು, ಹುಡುಗನಿಗೆ ಏನಾದರೂ ಆದರೆ ಎಂದಳು. ಆಮೇಲೆ, "ಆಕಿ ತಲಿಗೆ ಎಣ್ಣಿ ಹಚ್ಚತಾರೇನಪಾ" ಎಂದು ಕೇಳಿದಳು. ಹೂಂ ಅಂದೆ.

ಗುಳಿಗೆ ಮತ್ತೆ ಶುರು ಮಾಡಿಸಿದ್ದೇನೆ. ಅದು ನನ್ನ ಕೈಲಾಗುವ ಕೆಲಸ. ಹುಡುಗಿಯನ್ನು ಬಿಡಿಸುವುದು ನನ್ನ ಕೈಲಾಗುವುದಿಲ್ಲ, ಅದಕ್ಕೇ ನಿನಗೆ ಬರೆಯುತ್ತಿರುವುದು. ಪೊಲೀಸರು ಅವಳನ್ನು ಜೀಪಿನಲ್ಲಿ ಕೂಡಿಸಿ ತಂದು ಬಿಡಬಹುದು, ಆದರೆ ಹನುಮೇಶ ಒಮ್ಮೆ ಕೆಮ್ಮಿದರೂ ಆಕೆ ಮತ್ತೆ ನಿನ್ನ ಗೇಟಿಗೆ ಓಡಿ ಬರುತ್ತಾಳೆ. ಕಟ್ಟಿದವಳೇ ಬಿಚ್ಚಬೇಕು. ಮಸರಕಲ್ಲಿನ ಅದೇ ಗುಡಿಯಲ್ಲಿ, ಅದೇ ಜನರ ಮುಂದೆ, ನಿನ್ನ ಬಾಯಿಂದಲೇ ಅವಳು ಕೇಳಬೇಕು. ದೇವರು ನಿನ್ನನ್ನು ಕೇಳಿರಲಿಲ್ಲ, ನಾನು ಕೇಳಿದ್ದೆ ಎಂದು ಹೇಳು. ತಮ್ಮನ ಕೈ ಸುಟ್ಟದ್ದು ಗುಳಿಗೆ ನಿಂತದ್ದಕ್ಕೆ, ನಿನ್ನ ಕಣ್ಣೀರಿಗಲ್ಲ ಎಂದು ಹೇಳು. ಆಮೇಲೆ ಅವಳ ಕೈಯನ್ನು ಚಿಗವ್ವನ ಕೈಯಲ್ಲಿಟ್ಟು ಹಿಂದೆ ಸರಿ. ನಿನ್ನ ಗಂಡ ಬರುವುದು ಬೇಡ. ಆತ ಬಂದರೆ ಮತ್ತೆ ಪ್ರಸಂಗ ಆಗುತ್ತದೆ.

ನೀನು ಬಾರದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇದು ಬೆದರಿಕೆಯೇ. ಸೋಮವಾರ ಬೆಳಿಗ್ಗೆ ಮಕ್ಕಳ ಸಹಾಯವಾಣಿಗೆ ನಾನೇ ಫೋನ್ ಮಾಡುತ್ತೇನೆ. ನಿಮ್ಮ ವಾರ್ಷಿಕೋತ್ಸವದ ದಿನ ಮಾನ್ವಿಯ ಬಸ್ ನಿಲ್ದಾಣದಲ್ಲಿ ನಿಂತು ಒಂದು ಹಾಳೆ ಹಂಚುತ್ತೇನೆ. ಅದರಲ್ಲಿ ಹುಡುಗಿಯ ಹೆಸರು ಇರುವುದಿಲ್ಲ, ನಿನ್ನದು ಇರುತ್ತದೆ. ಎರಡೂ ಇರುತ್ತವೆ, ದೇವಿಕಾ ಮತ್ತು ದೆಬೋರಮ್ಮ. ತಮ್ಮನಾಗಿ ಇದನ್ನು ಹೇಗೆ ಮಾಡುತ್ತೀ ಎಂದು ಕೇಳಬೇಡ. ತಮ್ಮನ ಮೇಲಿನ ಜೀವ ಎಂಥದ್ದು ಎಂಬುದನ್ನು ನಿನ್ನ ಗೇಟಿನ ಕಂಬ ಹಿಡಿದವಳನ್ನು ನೋಡಿ ಕಲಿ.

ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಹಿಡಿ. ಕಾರು ತರಬೇಡ. ಹುಡುಗಿಯನ್ನು ಕಿಟಕಿಯ ಪಕ್ಕ ಕೂಡಿಸು, ತಲೆಗೆ ಒಂದು ಸ್ಕಾರ್ಫ್ ಕಟ್ಟು. ಚಿಗವ್ವ ಮೊದಲು ನೋಡುವುದು ಅವಳ ತಲೆಯನ್ನೇ.

ನಿನ್ನ ಮಕ್ಕಳು ಚೆನ್ನಾಗಿರಲಿ. ಅವರನ್ನು ಯಾರೂ, ಯಾವ ದೇವರ ಹೆಸರಿನಲ್ಲೂ, ಎಂದೂ ನಿನ್ನಿಂದ ಕೇಳದಿರಲಿ. ನನ್ನ ಹತ್ತಿರ ನಿನಗಾಗಿ ಉಳಿದಿರುವ ಆಶೀರ್ವಾದ ಇಷ್ಟೇ.

ನಿನ್ನ ತಮ್ಮ,
ಅನಿಲಕುಮಾರ

ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಮಸರಕಲ್ಲಿನ ಗುಡಿಯ ಮುಂದೆ ಚಿಗವ್ವನ ಜೊತೆ ನಿಂತಿರುತ್ತೇನೆ.